ಟೇಕಲ್‌ನ ಶೋಭಾರಾಣಿ ಕಟ್ಟಿದ ಆಂಪ್ಲಿಫೈಯರ್

ಶೋಭಾರಾಣಿಯ ಕಿವಿ ಚುರುಕು ಎಂದು ಮೊದಲು ಕಂಡುಕೊಂಡವರು ಅವಳ ಅಪ್ಪ ಸುಬ್ಬರಾಯಪ್ಪ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ಕೆರೆಯ ಕೆಳಗೆ ಅವರದೊಂದು ಗದ್ದೆ, ಗದ್ದೆಯ ಮೂಲೆಯಲ್ಲಿ ತೆರೆದ ಬಾವಿ, ಬಾವಿಯ ದಡದ ಮೇಲೆ ಪಂಪಿನ ಮೋಟರು. ಮೂರು ಫೇಸಿನ ಕರೆಂಟಿನಲ್ಲಿ ಒಂದು ಫೇಸು ಹೋದರೆ ಓಡುತ್ತಿರುವ ಮೋಟರು ತಕ್ಷಣ ನಿಲ್ಲುವುದಿಲ್ಲ. ನರಳುತ್ತ ತಿರುಗುತ್ತಲೇ ಇದ್ದು, ಒಂದಷ್ಟು ಹೊತ್ತಿಗೆ ಒಳಗಿನ ತಂತಿಯೆಲ್ಲ ಸುಟ್ಟು ಕರಕಲಾಗುತ್ತದೆ. ಹತ್ತು ವರ್ಷದ ಶೋಭಾ ಮನೆಯ ಮುಂದೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ತಲೆಯೆತ್ತಿ, ಮೋಟರಿನ ಸದ್ದು ಬದಲಾಯಿತು ಎನ್ನುತ್ತಿದ್ದಳು. ಬೇರೆ ಯಾರಿಗೂ ಏನೂ ಕೇಳಿಸಿರುತ್ತಿರಲಿಲ್ಲ. ಎರಡು ಸಲ ಅವಳ ಮಾತು ನಂಬಿ ಅಪ್ಪ ಓಡಿಹೋಗಿ ಸ್ವಿಚ್ಚು ಆರಿಸಿದ್ದರಿಂದ ಮೋಟರು ಉಳಿಯಿತು. ಮೂರನೆಯ ಸಲ ಅವಳು ಶಾಲೆಯಲ್ಲಿದ್ದಳು. ಮೋಟರು ಸುಟ್ಟುಹೋಯಿತು.

ಅದನ್ನು ರಿಪೇರಿಗೆಂದು ಮುಳಬಾಗಿಲಿಗೆ ಒಯ್ಯುವಾಗ ಅಪ್ಪ ಅವಳನ್ನೂ ಜೊತೆಗೆ ಕರೆದುಕೊಂಡರು. ಅಂಗಡಿಯವನು ಕಪ್ಪಾದ ತಂತಿಯನ್ನು ಕಿತ್ತೆಸೆದು, ಹೊಳೆಯುವ ಹೊಸ ತಾಮ್ರದ ತಂತಿಯನ್ನು ಸುತ್ತಿ, ಒಂದೊಂದೇ ಕಟ್ಟನ್ನು ಮೋಟರಿನ ಸಂದುಗಳಿಗೆ ಕೂರಿಸುವುದನ್ನು ಅವಳು ಊಟದ ನೆನಪೇ ಇಲ್ಲದೆ ನೋಡಿದಳು. ಇದನ್ನು ಕಲಿಯಬೇಕು ಎಂದು ಅವತ್ತೇ ತೀರ್ಮಾನಿಸಿದ್ದಳಂತೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಕೋಲಾರದಲ್ಲಿ ಐಟಿಐ ಸೇರಿದಳು. ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಇದ್ದದ್ದು ಮೂವರೇ ಹುಡುಗಿಯರು. ಅಲ್ಲಿಂದ ಮಾಲೂರಿನ ಒಂದು ಸಣ್ಣ ಕಾರ್ಖಾನೆ. ಇನ್ವರ್ಟರು, ಸ್ಟೆಬಿಲೈಸರುಗಳ ಒಳಗೆ ಕೂರುವ ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತುವ ಕೆಲಸ. ಕೆಲಸ ಸಿಕ್ಕ ಮೂರನೆಯ ವರ್ಷ ಟೇಕಲ್‌ನ ಮುರಳಿಮೋಹನನ ಜೊತೆ ಮದುವೆಯಾಯಿತು. ಅವನು ಗುಲಾಬಿ, ಟೊಮೇಟೊ ಬೆಳೆಯುವವನು. ಬೆಳಿಗ್ಗೆ ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಾಲೂರಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ಹೀಗೆ ಇಪ್ಪತ್ತು ವರ್ಷ ಹತ್ತಿರ ಹತ್ತಿರ ಕಳೆಯಿತು.

ನಲವತ್ತೊಂದು ತುಂಬುವವರೆಗೆ ಅವಳು ಹಾಡು ಕೇಳುತ್ತಿದ್ದದ್ದು ಎಲ್ಲರ ಹಾಗೆ, ಫೋನಿನಲ್ಲಿ. ಆ ವರ್ಷ ಬೆಂಗಳೂರಿನ ಗಿರಾಕಿಯೊಬ್ಬರು ಕಾರ್ಖಾನೆಗೆ ಫೋನು ಮಾಡಿ, ನಿಮ್ಮ ಟ್ರಾನ್ಸ್‌ಫಾರ್ಮರು ಗುಂಯ್‌ಗುಡುತ್ತಿದೆ ಎಂದು ದೂರಿದರು. ಆತ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿ ಮಾರುವ ವಯಸ್ಸಾದ ಮನುಷ್ಯ. ಸದ್ದಿನ ತಕರಾರು ಎಂದರೆ ಶೋಭಾರಾಣಿಯೇ ಸರಿ ಎಂದು ಸೂಪರ್‌ವೈಸರ್ ಅವಳನ್ನು ಕರೆದುಕೊಂಡು ಹೋದರು. ಅವಳು ಪೆಟ್ಟಿಗೆಗೆ ಕಿವಿಕೊಟ್ಟು, ಟ್ರಾನ್ಸ್‌ಫಾರ್ಮರಿನಲ್ಲಿ ದೋಷವಿಲ್ಲ, ಅದನ್ನು ಹಿಡಿದಿರುವ ಒಂದು ಬೋಲ್ಟು ಸಡಿಲವಾಗಿದೆ ಎಂದಳು. ಬಿಗಿ ಮಾಡಿದ ಮೇಲೆ ಸದ್ದು ನಿಂತಿತು. ಆ ಹಿರಿಯರಿಗೆ ಖುಷಿಯಾಗಿ, ಒಂದು ಹಾಡು ಕೇಳಿಕೊಂಡು ಹೋಗಿ ಎಂದು ಕುರ್ಚಿ ಹಾಕಿದರು.

ಎರಡು ಮರದ ಪೆಟ್ಟಿಗೆಗಳು, ನಡುವೆ ಬರಿ ಗೋಡೆ. ಹಾಡು ಶುರುವಾದದ್ದೇ ತಡ, ಶೋಭಾರಾಣಿಗೆ ಆ ಬರಿ ಗೋಡೆಯ ಮುಂದೆ ಒಬ್ಬ ಹೆಂಗಸು ಕೂತು ಹಾಡುತ್ತಿದ್ದಾಳೆ ಎನ್ನಿಸಿತು. ಅವಳ ಎಡಕ್ಕೆ ಪಿಟೀಲು, ಬಲಕ್ಕೆ ಸ್ವಲ್ಪ ಹಿಂದೆ ಮೃದಂಗ. ಹಾಡುವವಳು ಉಸಿರು ತೆಗೆದುಕೊಂಡದ್ದು ಸಹ ಕೇಳಿಸಿತು. ಶೋಭಾರಾಣಿ ಎದ್ದುಹೋಗಿ ಪೆಟ್ಟಿಗೆಗಳ ಹಿಂದೆ ಬಗ್ಗಿ ನೋಡಿದಳು. ಸೂಪರ್‌ವೈಸರಿಗೆ ನಾಚಿಕೆಯಾಯಿತು, ಆ ಹಿರಿಯರು ಮಾತ್ರ ನಗುತ್ತ, ಮೊದಲ ಸಲ ನಾನೂ ಹಾಗೇ ನೋಡಿದ್ದೆ ಎಂದರು.

ಅವಳು ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಗಂಡನಿಗೆ ಹೇಳಿದಳು:

"ರೀ, ನಾನೊಂದು ಸೆಟ್ ಕಟ್ತೀನಿ. ನಮ್ಮನೇಲಿ ಆ ಹಾಡು ಹಾಗೇ ಕೇಳ್ಬೇಕು."

ಮುರಳಿ ಟೊಮೇಟೊ ಕ್ರೇಟು ಜೋಡಿಸುತ್ತಿದ್ದ. ಕಟ್ಟು, ಆದರೆ ನನ್ನ ಗಾಡಿಯ ಸ್ಪೀಕರು ಬಿಚ್ಚಬೇಡ ಎಂದ.

ಟ್ರಾನ್ಸ್‌ಫಾರ್ಮರಿನಿಂದಲೇ ಕೆಲಸ ಶುರುವಾಯಿತು, ಅದು ಅವಳ ಕೈಯಲ್ಲೇ ಇದ್ದ ವಿದ್ಯೆಯಾದ್ದರಿಂದ. ಕಾರ್ಖಾನೆಯವರ ಒಪ್ಪಿಗೆ ಪಡೆದು, ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಉಳಿದುಕೊಂಡು ಸುತ್ತಿದಳು. ಐನೂರ ಆರು ಸುತ್ತು, ಒಂದರ ಪಕ್ಕ ಒಂದು, ಎಲ್ಲಿಯೂ ಒಂದು ಎಳೆ ಇನ್ನೊಂದರ ಮೇಲೆ ಏರಿರಲಿಲ್ಲ. ಜೊತೆಯ ಹೆಂಗಸರು ಅದನ್ನು ಕೈಗೆತ್ತಿಕೊಂಡು, ಆಭರಣದ ಅಂಗಡಿಯಲ್ಲಿ ಇಡಬಹುದು ಎಂದರಂತೆ. ಆಂಪ್ಲಿಫೈಯರಿನ ಬೋರ್ಡು, ಬಿಡಿ ಭಾಗಗಳು, ಸ್ಪೀಕರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು. ಭಾನುವಾರಗಳಲ್ಲಿ ನಡುಮನೆಯ ಕಿಟಕಿಯ ಕೆಳಗೆ ಕೂತು ಒಂದೊಂದನ್ನೇ ಬೆಸುಗೆ ಹಾಕಿದಳು. ಅತ್ತೆ ದೊಡ್ಡಗಂಗಮ್ಮ ಬೆಸುಗೆಯ ಹೊಗೆಗೆ ಮೂಗು ಮುಚ್ಚಿಕೊಂಡು ಎದುರಿಗೇ ಕೂತು ನೋಡುತ್ತಿದ್ದರು, ಎದ್ದು ಹೋಗುತ್ತಿರಲಿಲ್ಲ.

ಸ್ಪೀಕರಿನ ಪೆಟ್ಟಿಗೆಗೆ ಶ್ರೀನಿವಾಸಪುರದ ಬಡಗಿ ಕದಿರಪ್ಪನನ್ನು ಹಿಡಿದಳು. ಬಾಗಿಲು, ಕಿಟಕಿ, ಬೀರು ಮಾಡುವುದರಲ್ಲಿ ಆತ ಹೆಸರುವಾಸಿ. ಅವಳು ಒಯ್ದ ಅಳತೆಯ ಚೀಟಿಯನ್ನು ಆತ ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ, ಮುಂದೆ ಸ್ಪೀಕರು ಕೂರಿಸಲು ಎರಡು ತೂತು.

"ಏಮ್ಮಾ, ಬಾಗಿಲೇ ಇಲ್ವಲ್ಲ ಇದಕ್ಕೆ. ಒಳಗೆ ಏನಿಡ್ತೀಯ?"

"ಏನೂ ಇಡಲ್ಲಣ್ಣ, ಗಾಳಿ ಇರುತ್ತೆ. ಅದು ಆಚೆ ಹೋಗ್ಬಾರ್ದು, ಹಲಗೆ ಅಲುಗಾಡ್ಬಾರ್ದು."

ಕದಿರಪ್ಪನಿಗೆ ಅಷ್ಟು ಸಾಕಾಯಿತು. ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ, ಮುಂಭಾಗಕ್ಕೆ ಚೆನ್ನಾಗಿ ಒಣಗಿದ ಮಾವಿನ ಹಲಗೆ. ಜೋಡಿಸಿದ ಮೇಲೆ ಬೆರಳ ಗೆಣ್ಣಿನಿಂದ ಎಲ್ಲ ಕಡೆ ತಟ್ಟಿ ನೋಡಿ, ಪಕ್ಕದ ಹಲಗೆ ಟೊಳ್ಳು ಸದ್ದು ಕೊಡುತ್ತಿದೆ ಎಂದು ತಾನೇ ಹೇಳಿ, ಒಳಗೆ ಅಡ್ಡಪಟ್ಟಿ ಕೂರಿಸಿದ. ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಾಕಿ ಖಾಲಿ ಬರಬೇಕಿದ್ದ ಮುರಳಿಯ ಗಾಡಿ ಶ್ರೀನಿವಾಸಪುರಕ್ಕೆ ಹೋಗಿ ಪೆಟ್ಟಿಗೆಗಳನ್ನು ಹೊತ್ತು ತಂದಿತು. ಅವು ಉರುಳದ ಹಾಗೆ ಶೋಭಾರಾಣಿ ಹಿಂದೆಯೇ, ಖಾಲಿ ಕ್ರೇಟುಗಳ ನಡುವೆ, ಎರಡೂ ಪೆಟ್ಟಿಗೆಗಳ ಮೇಲೆ ಕೈಹಾಕಿಕೊಂಡು ಕೂತು ಬಂದಳು.

ಸೆಟ್ಟು ಮೊದಲ ಸಲ ಹಾಡಿದ ದಿನ ಮುರಳಿಯ ಅಣ್ಣ ಚಂದ್ರಮೋಹನ್ ಕೋಲಾರದಿಂದ ಬಂದರು. ಅವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ಮೇಷ್ಟ್ರು. ತಮ್ಮನ ಹೆಂಡತಿ ಕಟ್ಟಿದ್ದನ್ನು ಸುತ್ತಲೂ ನೋಡಿ, ಬೆಸುಗೆಯ ಒಂದೊಂದು ಚುಕ್ಕೆಯನ್ನೂ ಕನ್ನಡಕ ಏರಿಸಿ ಪರೀಕ್ಷಿಸಿ, ನಮ್ಮ ಲ್ಯಾಬಿನಲ್ಲಿ ಇಷ್ಟು ಶುದ್ಧ ಕೆಲಸ ಕಂಡಿಲ್ಲ ಎಂದರು. ಆಂಪ್ಲಿಫೈಯರನ್ನು ತಾವೇ ಕೋಲಾರಕ್ಕೆ ಒಯ್ದು ಅಳೆದು ತಂದರು. ಒಳಗೆ ಹೋದ ದನಿಗೂ ಹೊರಗೆ ಬಂದ ದನಿಗೂ ಎಷ್ಟು ವ್ಯತ್ಯಾಸ, ಅಂದರೆ ಡಿಸ್ಟಾರ್ಷನ್ ಎಷ್ಟು ಎಂಬ ಅಳತೆ ಅದು. ಪೂರಾ ಶಕ್ತಿಯಲ್ಲಿ ಓಡಿಸಿದಾಗ ಶೇಕಡಾ 0.03. ಅದನ್ನು ಚೀಟಿಯಲ್ಲಿ ಬರೆದು ಆಂಪ್ಲಿಫೈಯರಿನ ಬೆನ್ನಿಗೆ ಅಂಟಿಸಿದರು. ಮನುಷ್ಯರ ಕಿವಿಗೆ ಇದು ಗೊತ್ತಾಗುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗೂ ವಿವರಿಸಿದರು.

ಶೋಭಾರಾಣಿಗೆ ಸಂತೋಷದಿಂದ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವಳಿಗೆ ಒಂದು ಸದ್ದು ಕೇಳಿಸಿತು.

ಅವಳು ಹಾಡು ಹಾಕುತ್ತಿದ್ದದ್ದು ಬೆಳಗಿನ ಐದೂವರೆಗೆ, ಒಲೆಯ ಮೇಲೆ ಹಾಲಿಟ್ಟು. ಪಕ್ಕದ ಮನೆಗೂ ಅವರಿಗೂ ನಡುವೆ ಒಂದೇ ಗೋಡೆಯಾದ್ದರಿಂದ ಮೆಲ್ಲಗೆ, ಎದುರಿಗೆ ಕೂತವರ ಮಾತಿನಷ್ಟೇ ಮೆಲ್ಲಗೆ. ವೀಣೆಯ ತಂತಿ ಮೀಟಿದಾಗ ಏನೂ ತೊಂದರೆಯಿಲ್ಲ. ಆ ಸ್ವರ ಕರಗಿ ಕರಗಿ ಮುಗಿಯುವಾಗ, ತೀರಾ ಕೊನೆಯಲ್ಲಿ ಮಾತ್ರ ಏನೋ ಒಂದು ಒರಟು. ಫೋನಿಗೆ ಇಯರ್‌ಫೋನು ಸಿಕ್ಕಿಸಿ ಅದೇ ಹಾಡು ಕೇಳಿದಳು. ಅಲ್ಲಿ ಇರಲಿಲ್ಲ. ಎಡದ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಾಯಿಸಿದಳು. ಹೋಗಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ ನೋಡಿದಳು. ಅದರಿಂದಲೂ ಪ್ರಯೋಜನವಾಗಲಿಲ್ಲ.

ಭಾನುವಾರ ಭಾವನಿಗೆ ಹೇಳಿದಾಗ ಅವರು ಮೊದಲು ನಕ್ಕರು. ರೆಕಾರ್ಡಿಂಗಿನಲ್ಲೇ ಇರಬಹುದು ಎಂದರು. ಅಲ್ಲ ಎಂದು ಅವಳು ಇಯರ್‌ಫೋನಿನ ವಿಷಯ ಹೇಳಿದಳು. ಕೋಣೆಯದು ಇರಬಹುದು ಎಂದರು. ಅವಳು ಕಂಬಳಿಯ ವಿಷಯ ಹೇಳಿದಳು. ಕೊನೆಗೆ ಅವರು ಆಂಪ್ಲಿಫೈಯರಿನ ಬೆನ್ನಿನ ಚೀಟಿ ತೋರಿಸಿದರು. ಆಗ ನಡುವೆ ಬಾಯಿ ಹಾಕಿದವರು ದೊಡ್ಡಗಂಗಮ್ಮ. ಅದು ಎಂಥ ಸದ್ದಮ್ಮ, ನನಗೂ ಹೇಳು ಎಂದರು. ಶೋಭಾರಾಣಿ ಸ್ವಲ್ಪ ಯೋಚಿಸಿದಳು.

"ಸೊಪ್ಪಿನ ಸಾರಲ್ಲಿ ಎಲ್ಲೋ ಒಂದು ಕಣ ಮಣ್ಣು ಹಲ್ಲಿಗೆ ಸಿಕ್ಕುತ್ತಲ್ಲ ಅತ್ತೆ, ಹಂಗೆ."

"ಹಾಗಾದ್ರೆ ಇದೆ ಕಣೋ ಚಂದ್ರ," ಎಂದರು ದೊಡ್ಡಗಂಗಮ್ಮ. "ಸೊಪ್ಪು ತೊಳ್ದೋಳು ಎಷ್ಟ್ ಸಲ ತೊಳ್ದೆ ಅಂತ ಹೇಳ್ಬೋದು. ತಿನ್ನೋಳ ಹಲ್ಲಿಗೆ ಸಿಕ್ಕಿದ್ದು ಸುಳ್ಳಾಗುತ್ತಾ?"

ಚಂದ್ರಮೋಹನ್‌ಗೆ ಹಠ ಬಂತು. ಯಾವುದು ಯಾವುದೆಂದು ಕಾಣದ ಹಾಗೆ ಪರೀಕ್ಷೆ ಮಾಡೋಣ ಎಂದರು. ಮುಂದಿನ ಭಾನುವಾರ ಮಧ್ಯಾಹ್ನ ತಮ್ಮ ಮನೆಯ ದುಬಾರಿ ಆಂಪ್ಲಿಫೈಯರನ್ನೇ ಕಾರಿನಲ್ಲಿ ತಂದರು. ಎರಡನ್ನೂ ಒಂದೇ ಜೊತೆ ಸ್ಪೀಕರಿಗೆ ಜೋಡಿಸುವ ಸ್ವಿಚ್ಚಿನ ಡಬ್ಬಿಯೊಂದನ್ನು ಲ್ಯಾಬಿನಲ್ಲಿ ಮಾಡಿಕೊಂಡು ಬಂದಿದ್ದರು. ಎರಡರ ಸದ್ದೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದೆಂದು ಮೀಟರಿಟ್ಟು ಸಮ ಮಾಡಿದರು. ಮುಂದೆ ಒಂದು ದುಪ್ಪಟಿ ಇಳಿಬಿಟ್ಟರು. ದುಪ್ಪಟಿಯ ಹಿಂದೆ ಮುರಳಿ ನಾಣ್ಯ ಚಿಮ್ಮಬೇಕು. ಮೇಲೆ ಬಿದ್ದದ್ದು ತಲೆಯಾದರೆ ಶೋಭಾಳದು, ಇಲ್ಲದಿದ್ದರೆ ಅಣ್ಣನದು. ಅವಳು ಕೇಳಿ ಹೇಳಬೇಕು. ಇಪ್ಪತ್ತು ಸಲ.

ಚಂದ್ರಮೋಹನ್ ತಮಗೆ ಸರಿ ಎನ್ನಿಸಿದಷ್ಟು ದೊಡ್ಡ ದನಿಯಲ್ಲಿ ವೀಣೆ ಹಾಕಿದರು. ಕಿಟಕಿಯ ಸರಳು ಕೂಡ ನಡುಗುವಷ್ಟು. ಶೋಭಾರಾಣಿ ಕಣ್ಣು ಮುಚ್ಚಿ ಕೂತಳು. ಮೊದಲ ಮೂರಕ್ಕೆ ಧೈರ್ಯವಾಗಿ ಹೇಳಿದಳು, ಆಮೇಲೆ ತಡವರಿಸತೊಡಗಿದಳು. ಲೆಕ್ಕ ಹಾಕಿದಾಗ ಇಪ್ಪತ್ತರಲ್ಲಿ ಹನ್ನೊಂದು ಸರಿ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದರೂ ಅಷ್ಟು ಬರುತ್ತಿತ್ತು ಎಂದರು ಚಂದ್ರಮೋಹನ್. ಗೆದ್ದ ಮೇಲೆ ಅವರ ದನಿ ಮೆತ್ತಗಾಗಿತ್ತು. ಮನಸ್ಸು ಒಂದನ್ನು ನಂಬಿಬಿಟ್ಟರೆ ಕಿವಿ ಅದನ್ನೇ ಕೇಳಿಸುತ್ತದೆ, ದೊಡ್ಡ ದೊಡ್ಡವರಿಗೂ ಹೀಗಾಗಿದೆ ಎಂದು ಸಮಾಧಾನ ಹೇಳಿದರು.

ಶೋಭಾರಾಣಿ ವಾದ ಮಾಡಲಿಲ್ಲ. ಸೋತದ್ದು ನಿಜ, ಅದನ್ನು ಒಪ್ಪಿಕೊಂಡಳು. ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದಳು. ಲೋಟಗಳನ್ನು ತಟ್ಟೆಗೆ ಇಡುವಾಗ ಕೈ ಅಲ್ಲೇ ನಿಂತಿತು. ತಟ್ಟೆ ಬಿಟ್ಟು ಆಚೆ ಬಂದಳು.

"ಭಾವ, ನಾನು ಇಷ್ಟು ಜೋರಾಗಿ ಯಾವತ್ತೂ ಕೇಳಿಲ್ಲ. ನನ್ನ ವಾಲ್ಯೂಮಿಗೆ ಇಟ್ಟು ಇನ್ನೊಂದ್ಸಲ ಮಾಡ್ತೀರಾ?"

ಮೆಲ್ಲಗಿಟ್ಟರೆ ವ್ಯತ್ಯಾಸ ಇನ್ನೂ ಕಡಿಮೆಯಾಗುತ್ತದೆ ಎಂಬುದು ಅವರ ಅಂದಾಜು. ಆದರೂ ನ್ಯಾಯಸ್ಥ ಮನುಷ್ಯ, ಒಪ್ಪಿದರು. ಮತ್ತೆ ಮೀಟರಿಟ್ಟು ಸಮ ಮಾಡಿದರು. ಈ ಸಲ ಪಕ್ಕದ ಮನೆಯ ಮಿಕ್ಸಿಯ ಸದ್ದು ನಿಲ್ಲುವವರೆಗೆ ಕಾಯಬೇಕಾಯಿತು. ನಾಣ್ಯ ಚಿಮ್ಮಿತು.

"ನಂದು," ಎಂದಳು. ಮತ್ತೆ ಚಿಮ್ಮಿತು. "ನಂದೇ." "ಇದು ನಿಮ್ದು." ಎಂಟನೆಯದಕ್ಕೆ ಬರುವ ಹೊತ್ತಿಗೆ ಅವಳು ಎರಡನೆಯ ಸ್ವರಕ್ಕೂ ಕಾಯುತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದ ಚಂದ್ರಮೋಹನ್ ಕುರ್ಚಿಯ ತುದಿಗೆ ಸರಿದಿದ್ದರು. ದುಪ್ಪಟಿಯ ಹಿಂದಿನಿಂದ ಮುರಳಿ ಇಣುಕಿ, ಅವಳು ಎಲ್ಲಾದರೂ ನೋಡುತ್ತಿದ್ದಾಳೆಯೇ ಎಂದು ಖಾತ್ರಿ ಮಾಡಿಕೊಂಡ. ಅವಳ ಕಣ್ಣು ಮುಚ್ಚಿಯೇ ಇತ್ತು. ಕಾಲಿನ ಹೆಬ್ಬೆರಳು ಮಾತ್ರ ನೆಲ ಒತ್ತುತ್ತಿತ್ತು.

ಇಪ್ಪತ್ತರಲ್ಲಿ ಹತ್ತೊಂಬತ್ತು.

ಚಂದ್ರಮೋಹನ್ ಹಾಳೆಯನ್ನು ಎರಡು ಸಲ ಎಣಿಸಿದರು. ಸೋತವರ ಮುಖ ಅದಾಗಿರಲಿಲ್ಲ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ವಿಷಯದಲ್ಲಿ ಹೊಸದೇನೋ ಸಿಕ್ಕಿದವರ ಮುಖ. ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಅವಳ ಆಂಪ್ಲಿಫೈಯರನ್ನು ಎತ್ತಿ ಕಾರಿನಲ್ಲಿಟ್ಟುಕೊಂಡು ಹೊರಟೇಬಿಟ್ಟರು. ತಮ್ಮದನ್ನು ಟೇಕಲ್‌ನಲ್ಲೇ ಮರೆತಿದ್ದರು.

ಸೋಮವಾರ ಮಧ್ಯಾಹ್ನ ಶೋಭಾರಾಣಿ ಕಾರ್ಖಾನೆಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಫೋನು ಬಂತು.

"ಶೋಭಾ, ಸಿಕ್ತಮ್ಮ. ನಾನು ಅಳೆದದ್ದೂ ಸರಿ, ನೀನು ಕೇಳಿದ್ದೂ ಸರಿ. ನಾನು ಜೋರಾಗಿ ಓಡಿಸಿ ಅಳೆದಿದ್ದೆ. ಮೆಲ್ಲಗೆ ಓಡಿಸಿದ್ರೆ ಒಂದೂವರೆ ಪರ್ಸೆಂಟ್ ಇದೆ. ಒಂದೂವರೆ."

ಅವಳು ಡಬ್ಬಿ ಮುಚ್ಚಿ ಎದ್ದು ನಿಂತಳು. ಆ ಸೋಮವಾರದ ಮಧ್ಯಾಹ್ನ ಅವಳು ಸುತ್ತಿದ ಒಂದು ಟ್ರಾನ್ಸ್‌ಫಾರ್ಮರಿನಲ್ಲಿ, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ, ಸುತ್ತು ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದಳು.

ಸಂಜೆ ಅವಳು ರೈಲಿಳಿದು ಮನೆಗೆ ಬರುವಷ್ಟರಲ್ಲಿ ಚಂದ್ರಮೋಹನ್ ಕೋಲಾರದಿಂದ ಬಂದು, ಆಂಪ್ಲಿಫೈಯರಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಕಾರಣವನ್ನು ತಾವೇ ಹೇಳದೆ, ಒಳಗೆ ತೋರಿಸಿ ಅವಳನ್ನೇ ಕೇಳಿದರು. ಅವಳು ನೋಡಿದ ಕೂಡಲೇ ಹಣೆ ಹಿಡಿದುಕೊಂಡಳು. ದನಿಯ ಅಲೆ ಮೇಲೇರುವಾಗ ಒಂದು ಟ್ರಾನ್ಸಿಸ್ಟರ್ ಕೆಲಸ ಮಾಡುತ್ತದೆ, ಕೆಳಗಿಳಿಯುವಾಗ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಕೆಲಸ ದಾಟುವ ಜಾಗದಲ್ಲಿ ಎರಡೂ ಸ್ವಲ್ಪ ಎಚ್ಚರವಾಗಿರಬೇಕು. ಅದಕ್ಕೆಂದು ಎರಡಕ್ಕೂ ಸದಾ ಒಂದಿಷ್ಟು ಕರೆಂಟು ಹರಿಯುತ್ತಿರಬೇಕು. ಎಷ್ಟೆಂದು ಹೊಂದಿಸಲು ಬೋರ್ಡಿನ ಮೇಲೆ ಒಂದು ಪುಟ್ಟ ಸ್ಕ್ರೂ ಇದೆ. ಮೊದಲ ಸಲ ಕರೆಂಟು ಕೊಡುವ ದಿನ ಏನಾದರೂ ಸುಟ್ಟೀತೆಂದು ಹೆದರಿ ಅವಳು ಅದನ್ನು ಪೂರಾ ಕೆಳಗಿಳಿಸಿದ್ದಳು. ಆಮೇಲೆ ಏರಿಸಲೇ ಇಲ್ಲ. ಆ ಕರೆಂಟು ಇಲ್ಲದ್ದರಿಂದಲೇ ಅದು ತಣ್ಣಗಿದೆ ಎಂದು ತಿಳಿಯದೆ, ತನ್ನ ಆಂಪ್ಲಿಫೈಯರು ಎಷ್ಟು ಹೊತ್ತು ಓಡಿದರೂ ಬಿಸಿಯಾಗುವುದಿಲ್ಲ ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಜೋರಾದ ದನಿಯಲ್ಲಿ, ಕೆಲಸ ದಾಟುವಾಗಿನ ಆ ತಡವರಿಕೆ ಮುಳುಗಿಹೋಗುತ್ತಿತ್ತು. ಮೆಲು ದನಿಯಲ್ಲಿ, ಸ್ವರ ಮುಗಿಯುವ ಕಡೆ, ಅದೇ ಎದ್ದು ಕಾಣುತ್ತಿತ್ತು.

ತಪ್ಪು ತನ್ನದೇ ಎಂದು ತಿಳಿದು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಚಪ್ಪಲಿ ಬಿಟ್ಟು ಬಂದವಳು ಚೀಲ ಇಳಿಸುವುದನ್ನೂ ಮರೆತು ನೆಲದ ಮೇಲೆ ಕೂತುಬಿಟ್ಟಳು. ಚಂದ್ರಮೋಹನ್ ಮೀಟರು ಹಿಡಿದರು, ಅವಳು ಸಣ್ಣ ಸ್ಕ್ರೂಡ್ರೈವರು ಹಿಡಿದಳು. ಕೂದಲಿನಷ್ಟು ತಿರುಗಿಸುವುದು, ಮೀಟರು ನೋಡುವುದು, ಕಾಯುವುದು. ಟ್ರಾನ್ಸಿಸ್ಟರುಗಳ ಬಿಸಿ ಹೀರುವ ಅಲ್ಯೂಮಿನಿಯಮ್ಮಿನ ರೆಕ್ಕೆಗಳ ಮೇಲೆ ಅವಳು ಎಡ ಅಂಗೈ ಇಟ್ಟುಕೊಂಡಿದ್ದಳು. ಹತ್ತು ನಿಮಿಷಕ್ಕೆ ಅದು ಉಗುರುಬೆಚ್ಚಗಾಯಿತು. ಇನ್ನೊಂದು ಹತ್ತು ನಿಮಿಷಕ್ಕೆ ಕೈಗೆ ಹಿತವಾಗುವಷ್ಟು ಬಿಸಿ. ಅಲ್ಲಿಗೆ ನಿಲ್ಲಿಸಿದರು.

ದೊಡ್ಡಗಂಗಮ್ಮ ಹಾಲು ಕರೆದು ಬಂದು, ಕೈ ಒರೆಸಿಕೊಳ್ಳುತ್ತ ಕಂಬಕ್ಕೆ ಒರಗಿ ಕೂತರು. ಮುರಳಿ ಬೆಳಗಿನ ಗಾಡಿಗೆ ಕಟ್ಟಬೇಕಿದ್ದ ಗುಲಾಬಿಯನ್ನು ಬಾಗಿಲಲ್ಲೇ ಇಟ್ಟು ಒಳಗೆ ಬಂದ. ಶೋಭಾರಾಣಿ ಅದೇ ವೀಣೆಯನ್ನು, ಅಷ್ಟೇ ಮೆಲ್ಲಗೆ ಹಾಕಿದಳು. ಸ್ವರ ಎದ್ದಿತು, ಬಾಗಿತು, ಕರಗಿತು. ಕರಗುತ್ತಲೇ ಇತ್ತು, ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದ ಹಾಗೆ. ಅವಳು ಚಂದ್ರಮೋಹನ್ ಕಡೆ ನೋಡಿದಳು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ತಲೆ ಆಡಿಸುತ್ತ, ಇನ್ನೊಂದು ಹಾಕು ಎಂದು ಸನ್ನೆ ಮಾಡಿದರು.

ಆಮೇಲೆ ಮನೆಯಲ್ಲಿದ್ದ ಹಾಡುಗಳೆಲ್ಲ ಸರದಿಯ ಮೇಲೆ ಬಂದವು. ಎಲ್ಲದರಲ್ಲೂ ಹೊಸದೇನಾದರೂ ಸಿಕ್ಕುತ್ತಿತ್ತು. ಒಂದರಲ್ಲಿ ಪಿಟೀಲಿನವನ ಉಸಿರು. ಇನ್ನೊಂದರಲ್ಲಿ ಯಾರೋ ಹಾಳೆ ತಿರುವಿದ್ದು. ಮತ್ತೊಂದು ಹಳೆಯ ರೆಕಾರ್ಡಿಂಗಿನಲ್ಲಿ ಹಾಡು ಮುಗಿದು ತಂಬೂರಿ ಮಾತ್ರ ಉಳಿದಿರುವಾಗ, ದೂರದಲ್ಲಿ ಒಬ್ಬ ಗಂಡಸು ತೀರಾ ಮೆಲ್ಲಗೆ ಏನೋ ಅಂದದ್ದು ನಾಲ್ವರಿಗೂ ಒಟ್ಟಿಗೇ ಕೇಳಿಸಿತು. ಆ ಹಾಡನ್ನು ಅವರು ನೂರಾರು ಸಲ ಕೇಳಿದ್ದರು, ಆತ ಅಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

"ಸರಿ ಅಂದ," ಎಂದರು ಚಂದ್ರಮೋಹನ್.

"ಸರಿ ಅಲ್ವೋ, ಸರೇ ಅಂದ. ತೆಲುಗೋನು," ಎಂದರು ದೊಡ್ಡಗಂಗಮ್ಮ.

ಮತ್ತೆ ಹಾಕಿದರು. ಮುರಳಿ ಅಮ್ಮನ ಪಕ್ಷ ಸೇರಿದ. ಚಂದ್ರಮೋಹನ್ ಸ್ಪೀಕರಿನ ಹತ್ತಿರ ಮಂಡಿಯೂರಿ ಕೂತು, ಕೊನೆಯ ಅಕ್ಷರ ಗಿಡ್ಡ, ಎಳೆದಿಲ್ಲ ಎಂದು ವಾದಿಸಿದರು. ಬಾಗಿಲಲ್ಲಿ ಗುಲಾಬಿ ಹಾಗೇ ಇತ್ತು. ತೀರ್ಪು ಹೇಳು ಎಂದು ಮೂವರೂ ಶೋಭಾರಾಣಿಯ ಕಡೆ ತಿರುಗಿದಾಗ, ಅವಳು ಕಣ್ಣು ಮುಚ್ಚಿಕೊಂಡೇ ಕೈಯೆತ್ತಿ ಅವರನ್ನು ಸುಮ್ಮನಾಗಿಸಿ, ಏಳನೆಯ ಸಲ ಅದನ್ನು ಹಾಕಿದಳು.